ಪೋಪ್‌ಗೆ ಬಂದ ಫೆರಾರಿ, ಸುನಾಮಿಗೆ ಹೋದ ದುಡ್ಡು

2005ರ ಜೂನ್ ಕೊನೆಯಲ್ಲಿ ಸೋದಬೀಸ್ ಸಂಸ್ಥೆಯ ಹರಾಜಿನಲ್ಲಿ, ಪೋಪ್‌ಗೆಂದು ಕೊಟ್ಟಿದ್ದ ಒಂದು ಫೆರಾರಿ ಎಂಜೊ ಕಾರು 9.5 ಲಕ್ಷ ಯೂರೊಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 5 ಕೋಟಿ ರೂಪಾಯಿ. ಆ ದುಡ್ಡು 2004ರ ಸುನಾಮಿ ಸಂತ್ರಸ್ತರಿಗೆ ಮೀಸಲು. ಹತ್ತು ವರ್ಷ ಕಳೆದು, 2015ರ ಆಗಸ್ಟ್‌ನಲ್ಲಿ ಅದೇ ಕಾರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮತ್ತೆ ಹರಾಜಿಗೆ ಬಂತು. ಈ ಸಲ 60.5 ಲಕ್ಷ ಡಾಲರ್. ಹೆಚ್ಚುಕಮ್ಮಿ 39 ಕೋಟಿ ರೂಪಾಯಿ. ಈ ದುಡ್ಡು ಸಂತ್ರಸ್ತರಿಗಲ್ಲ, ಕಾರಿನ ಮಾಲೀಕರಿಗೆ.

ಹಾಗಾದ್ರೆ 2005ರಲ್ಲಿ ಆತುರಪಟ್ಟು ಮಾರಿದ್ದು ತಪ್ಪಾ? ಕಾರಿನ ಹುಚ್ಚಿರುವವರಿಗೆ ಈ ಕಥೆ ಹೇಳಿದರೆ "ಅಯ್ಯೋ, ಇಟ್ಟುಕೊಂಡಿದ್ದರೆ!" ಅಂತ ಕೈ ಹಿಸುಕಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಾರಿದ್ದು ಸರಿ. ಆದರೆ ಆ ಮಾರಾಟದಲ್ಲಿ ಒಂದು ಪಾಲು ಕೈತಪ್ಪಿತು ಅನ್ನುವುದೂ ನಿಜ. ಅದು ಯಾವ ಪಾಲು, ಯಾಕೆ ತಪ್ಪಿತು ಅಂತ ನೋಡುವುದಕ್ಕೇ ಈ ಬರಹ.

ಕಾರು ಎಂಥದ್ದು

ಎಂಜೊ ಅನ್ನುವುದು ಫೆರಾರಿ ಕಂಪನಿ ಕಟ್ಟಿದ ಎಂಜೊ ಫೆರಾರಿಯವರ ಹೆಸರು. 2002ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಕಾರು ಹೊರಬಂತು. ಬೆನ್ನ ಹಿಂದೆ 6 ಲೀಟರಿನ ವಿ12 ಎಂಜಿನ್, 660 ಅಶ್ವಶಕ್ತಿ, ಗಂಟೆಗೆ 350 ಕಿ.ಮೀ. ದಾಟುವ ವೇಗ. ಮೈಯೆಲ್ಲ ಕಾರ್ಬನ್ ಫೈಬರ್. ಆ ವರ್ಷಗಳಲ್ಲಿ ಫಾರ್ಮುಲಾ ಒನ್ ರೇಸಿನಲ್ಲಿ ಫೆರಾರಿಯನ್ನು ಹಿಡಿಯುವವರೇ ಇರಲಿಲ್ಲ. ಆ ರೇಸಿನ ತಂತ್ರಜ್ಞಾನ ರಸ್ತೆಗೆ ಇಳಿದಿದೆ ಅನ್ನುವುದೇ ಈ ಕಾರಿನ ದೊಡ್ಡ ಆಕರ್ಷಣೆ.

ದುಡ್ಡಿದ್ದ ಮಾತ್ರಕ್ಕೆ ಇದು ಸಿಗುತ್ತಿರಲಿಲ್ಲ. ಬೆಲೆ ಸುಮಾರು 6.5 ಲಕ್ಷ ಡಾಲರ್. ಯಾರಿಗೆ ಕೊಡಬೇಕು ಅಂತ ಕಂಪನಿಯೇ ಆರಿಸುತ್ತಿತ್ತು. ಹಿಂದೆ ಫೆರಾರಿಯದೇ ಎಫ್40, ಎಫ್50 ಕಾರು ಕೊಂಡವರಿಗೆ ಮೊದಲ ಮಣೆ. ಮೊದಲು 349 ಕಾರು ಮಾಡುತ್ತೇವೆ ಅಂದರು. ಬೇಡಿಕೆ ನೋಡಿ ಇನ್ನೂ 50 ಸೇರಿಸಿದರು. 399ಕ್ಕೆ ನಿಲ್ಲಿಸಿದರು.

ನಮ್ಮ ಕಾರು 400ನೆಯದು.

ಈ ಒಂದು ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಇಂಥ ಕಾರಿನ ಬೆಲೆ ನಿಂತಿರುವುದೇ "ಇನ್ನು ಮಾಡುವುದಿಲ್ಲ" ಅನ್ನುವ ಮಾತಿನ ಮೇಲೆ. 399 ಜನ ಆ ಮಾತು ನಂಬಿ ದುಡ್ಡು ಕೊಟ್ಟಿದ್ದಾರೆ. ಅದನ್ನು ಮುರಿದು ಇನ್ನೊಂದು ಮಾಡಿದರೆ ಅವರೆಲ್ಲ ಮುನಿಸಿಕೊಳ್ಳಬೇಕು. ಮುನಿಸಿಕೊಳ್ಳಲಿಲ್ಲ. ಯಾಕೆಂದರೆ ಈ ಒಂದು ಕಾರು ಅಂಗಡಿಗೆ ಹೋಗಲಿಲ್ಲ, ದಾನಕ್ಕೆ ಹೋಯಿತು. ಇನ್ನೊಂದು ಹೆಚ್ಚಾಗಿ ಮಾಡುವ ಶಕ್ತಿ ಲೋಕದಲ್ಲಿ ಯಾವ ದಾನಿಗೂ ಇಲ್ಲ, ತಯಾರಕನಿಗೆ ಮಾತ್ರ ಇದೆ. ಅದನ್ನು ಆಗಾಗ ಬಳಸಿದರೆ ಬೆಲೆ ಉಳಿಯುವುದಿಲ್ಲ, ಅಪರೂಪಕ್ಕೆ ಬಳಸಿದರೆ ಭಾರಿ ದುಡ್ಡು ಹುಟ್ಟುತ್ತದೆ. ಫೆರಾರಿ 2016ರಲ್ಲಿ ಇದನ್ನೇ ಮತ್ತೆ ಮಾಡಿತು. ಲಾಫೆರಾರಿ ಅನ್ನುವ ಕಾರನ್ನು 499ಕ್ಕೆ ನಿಲ್ಲಿಸಿದ್ದರು. ಆಗಸ್ಟ್‌ನಲ್ಲಿ ಇಟಲಿಯ ಅಮಾಟ್ರಿಚೆ ಸುತ್ತಮುತ್ತ ಭೂಕಂಪವಾಗಿ ಸುಮಾರು 300 ಜನ ಸತ್ತ ಮೇಲೆ 500ನೆಯದನ್ನು ಕಟ್ಟಿದರು. ಡಿಸೆಂಬರ್‌ನಲ್ಲಿ ಅಮೆರಿಕದ ಡೇಟೋನಾದಲ್ಲಿ ಅದು 70 ಲಕ್ಷ ಡಾಲರಿಗೆ ಹರಾಜಾಯಿತು.

ಕಂಪನಿಗೆ ಇದರಿಂದ ಪುಕ್ಕಟೆ ಪ್ರಚಾರ ಸಿಕ್ಕಿತು ಅಂತ ಮೂಗು ಮುರಿಯುವವರಿದ್ದಾರೆ. ಸಿಕ್ಕಿತು, ಸುಳ್ಳಲ್ಲ. ಮನೆ ಕಳೆದುಕೊಂಡವರಿಗೆ ಅದರಿಂದ ಏನು ನಷ್ಟ?

ಕೊಟ್ಟದ್ದು, ತಿರುಗಿಸಿದ್ದು

2004ರ ಡಿಸೆಂಬರ್ 26. ಸುಮಾತ್ರಾದ ಹತ್ತಿರ ಸಮುದ್ರದ ತಳದಲ್ಲಿ ಭೂಕಂಪ, ಹಿಂದೆಯೇ ಸುನಾಮಿ. 14 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಹೋದರು. ಭಾರತದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಮಿಳುನಾಡಿನ ನಾಗಪಟ್ಟಿಣಂ ಒಂದೇ ಜಿಲ್ಲೆಯವರು, ಬಹುಪಾಲು ಮೀನುಗಾರರ ಕುಟುಂಬ. ನಮ್ಮ ಕರ್ನಾಟಕದ ಕರಾವಳಿಗೆ ಆ ಹೊಡೆತ ತಪ್ಪಿತು.

ಮೂರು ವಾರದ ಬಳಿಕ, 2005ರ ಜನವರಿಯಲ್ಲಿ, ಫೆರಾರಿಯ ತಂಡ ವ್ಯಾಟಿಕನ್‌ಗೆ ಹೋಗಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಕಂಡಿತು. ಕಂಪನಿಯ ಅಧ್ಯಕ್ಷ ಲುಕಾ ಡಿ ಮೊಂಟೆಜೆಮೊಲೊ ಇದ್ದರು, ಚಾಲಕ ಮೈಕೆಲ್ ಶುಮಾಕರ್ ಇದ್ದರು. 400ನೇ ಎಂಜೊವನ್ನು ಪೋಪ್‌ಗೆ ಕೊಡುವುದು ಕಂಪನಿಯ ಆಸೆ. ಅದನ್ನು ಮಾರಿ ಸುನಾಮಿಯಲ್ಲಿ ನೊಂದವರಿಗೆ ಕೊಡಿ ಅನ್ನುವುದು ಪೋಪ್ ಸೂಚನೆ. 84 ವರ್ಷದ ಅವರು ಆಗಲೇ ಪಾರ್ಕಿನ್ಸನ್ ಕಾಯಿಲೆಯಿಂದ ಸೋತಿದ್ದರು. ಫೆಬ್ರುವರಿ ಮೊದಲ ದಿನವೇ ಆಸ್ಪತ್ರೆಗೆ ಸೇರಿದರು. ಏಪ್ರಿಲ್ 2ಕ್ಕೆ ತೀರಿಕೊಂಡರು. ಹರಾಜು ನಡೆದದ್ದು ಜೂನ್‌ನಲ್ಲಿ. ಮೊಂಟೆಜೆಮೊಲೊ ಚೆಕ್ ತಂದುಕೊಟ್ಟದ್ದು ಹೊಸ ಪೋಪ್ 16ನೇ ಬೆನೆಡಿಕ್ಟ್ ಕೈಗೆ.

ಇಲ್ಲಿ ಒಂದು ವಿಷಯ ಮೆಚ್ಚಬೇಕು. ಕಾರು ಎಲ್ಲೂ ನಿಲ್ಲಲಿಲ್ಲ. ವ್ಯಾಟಿಕನ್ ಅದನ್ನು ಗ್ಯಾರೇಜಿನಲ್ಲಿಟ್ಟು ವಿಮೆ ಕಟ್ಟಲಿಲ್ಲ, ಪ್ರದರ್ಶನಕ್ಕೆ ಇಡಲಿಲ್ಲ. ಅಪರೂಪದ ವಸ್ತು ಕೈಗೆ ಬಂದ ಸಂಸ್ಥೆಗಳು ಮಾಡುವ ಮೊದಲ ತಪ್ಪೇ ಅದನ್ನು ಪ್ರೀತಿಸಲು ಶುರುಮಾಡುವುದು.

ಐದು ಪಟ್ಟು ಬೆಲೆಯ ಆಸೆ

9.5 ಲಕ್ಷ ಯೂರೊ ಅಂದರೆ ಆಗ 11.5 ಲಕ್ಷ ಡಾಲರ್ ಹತ್ತಿರ. 2015ಕ್ಕೆ 60.5 ಲಕ್ಷ. ಹತ್ತು ವರ್ಷದಲ್ಲಿ ಐದು ಪಟ್ಟು. ವರ್ಷಕ್ಕೆ ಶೇ 18ರ ಆಸುಪಾಸಿನ ಗಳಿಕೆ. ಕಾಗದದ ಮೇಲೆ ನೋಡಿದರೆ ಯಾವ ಬ್ಯಾಂಕೂ ಕೊಡದ ಬಡ್ಡಿ.

ಆದರೆ ನಾಗಪಟ್ಟಿಣಂನ ಮೀನುಗಾರನಿಗೆ ದೋಣಿ ಬೇಕಾಗಿದ್ದು 2005ರಲ್ಲಿ. 2015ರಲ್ಲಲ್ಲ. ಜೂನ್ ಹೊತ್ತಿಗೆ ಅಲ್ಲಿನ ಸಾವಿರಾರು ಕುಟುಂಬ ಇನ್ನೂ ತಾತ್ಕಾಲಿಕ ಶೆಡ್‌ಗಳಲ್ಲಿದ್ದವು. ದೋಣಿ, ಬಲೆ, ಸೂರು, ಮಕ್ಕಳ ಶಾಲೆ, ಎಲ್ಲ ಆ ವರ್ಷದ ಖರ್ಚು. ಒಂದು ವರ್ಷ ದೋಣಿ ಇಲ್ಲದೆ ಕೂತವನು ಸಾಲ ಮಾಡುತ್ತಾನೆ. ನಮ್ಮೂರುಗಳಲ್ಲಿ ಕೈಸಾಲದ ಬಡ್ಡಿ ಶೇ 18ಕ್ಕೆ ನಿಲ್ಲುತ್ತಾ? ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಅಂದರೂ ವರ್ಷಕ್ಕೆ ಶೇ 36. ಕಾರಿನ ಬೆಲೆ ಏರಿದ ವೇಗಕ್ಕಿಂತ ಅವನ ಕಷ್ಟ ಬೆಳೆಯುವ ವೇಗವೇ ಜಾಸ್ತಿ.

ಇನ್ನೊಂದು ಕಡೆಯಿಂದಲೂ ನೋಡಿ. 2005ರಲ್ಲಿ ಈ ಬೆಲೆ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಡುವೆ 2008ರ ಆರ್ಥಿಕ ಕುಸಿತ ಬಂತು. ಆ ವರ್ಷ ಯಾವುದೋ ತುರ್ತಿಗೆ ಮಾರಬೇಕಾಗಿದ್ದರೆ? ಹತ್ತು ವರ್ಷ ಕಾರು ಇಟ್ಟುಕೊಳ್ಳುವುದು ಬಿಟ್ಟಿಯೂ ಅಲ್ಲ. ಓಡಿಸದೆ ನಿಲ್ಲಿಸಿದ ಎಂಜಿನ್ನಿಗೂ ಆರೈಕೆ ಬೇಕು. ಹವೆ ಹದವಾಗಿರುವ ಜಾಗ ಬೇಕು. ವಿಮೆ ಬೇಕು. ಇದೆಲ್ಲ ಶ್ರೀಮಂತ ಸಂಗ್ರಾಹಕನಿಗೆ ಹವ್ಯಾಸ, ಪರಿಹಾರ ಕೊಡುವ ಸಂಸ್ಥೆಗೆ ಹೊರೆ. ಬೆಲೆ ಏಳುವ ಬೀಳುವ ಜೂಜು ಆಡಬೇಕಾದವನು ದುಡ್ಡಿರುವವನು. ಕೊಂಡವರು ಆ ಜೂಜು ಆಡಿದರು, ಗೆದ್ದರು. ಅದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇಲ್ಲ.

ಈ ದುಡ್ಡಿನ ಗಾತ್ರವೂ ನೆನಪಿರಲಿ. ಸುನಾಮಿಗೆ ಅಂತ ಜಗತ್ತಿನಾದ್ಯಂತ ಕೂಡಿದ್ದು ಸಾವಿರ ಕೋಟಿ ಡಾಲರಿಗೂ ಹೆಚ್ಚು. ಅದರ ಮುಂದೆ ಒಂದು ಎಂಜೊ ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹತ್ತು ವರ್ಷ ಕಾದಿದ್ದರೂ ಹಾಗೇ.

ಕೈತಪ್ಪಿದ ಪಾಲು

ಹಾಗಾದರೆ ಕಳೆದದ್ದೇನು? ಇದಕ್ಕೆ ಉಳಿದ ಎಂಜೊಗಳ ಬೆಲೆ ನೋಡಬೇಕು. 2015ರ ಹೊತ್ತಿಗೆ ಒಂದು ಒಳ್ಳೆಯ ಎಂಜೊ ಸುಮಾರು 30 ಲಕ್ಷ ಡಾಲರಿಗೆ ಹೋಗುತ್ತಿತ್ತು. ಪೋಪ್ ಎಂಜೊಗೆ ಸಿಕ್ಕಿದ್ದು ಅದರ ಎರಡು ಪಟ್ಟು. ಅಂದರೆ ಅರ್ಧ ಬೆಲೆ ಕಾರಿಗೆ, ಅರ್ಧ ಬೆಲೆ ಕಥೆಗೆ. ಕೊನೆಯ ಎಂಜೊ, ಪೋಪ್‌ಗೆಂದು ಕೊಟ್ಟದ್ದು, ಸುನಾಮಿಗೆಂದು ಮಾರಿದ್ದು ಅನ್ನುವ ಕಥೆಗೆ.

2005ರಲ್ಲಿ ಈ ಕಥೆಗೆ ಅಷ್ಟು ಬೆಲೆ ಇರಲಿಲ್ಲ. ಕಾರು ಹೊಸದು. ಕಂಪನಿ ಆಗಷ್ಟೇ ಎಂಜೊ ಕಟ್ಟುವುದನ್ನು ನಿಲ್ಲಿಸಿತ್ತು. ಉಳಿದ ಎಂಜೊಗಳೂ ಶೋರೂಮ್ ಬೆಲೆಗಿಂತ ಮೇಲೆ ಕೈ ಬದಲಾಗುತ್ತಿದ್ದವು. ಹೀಗಾಗಿ 11.5 ಲಕ್ಷ ಡಾಲರಿನಲ್ಲಿ ಪೋಪ್ ಹೆಸರಿನ ಪಾಲು ಚಿಕ್ಕದು. ಆ ಕಥೆ ಹುಟ್ಟಿದ್ದು ದಾನದಿಂದ, ಬೆಳೆದದ್ದು ಖಾಸಗಿ ಗ್ಯಾರೇಜಿನಲ್ಲಿ. ಕೈತಪ್ಪಿದ ಪಾಲು ಅಂದೆನಲ್ಲ, ಅದು ಇದು. ಕಾರಿನ ಬೆಲೆ ಏರಿದ್ದು ಮಾರುಕಟ್ಟೆಯ ಆಟ, ಅದು ಕೊಂಡವನಿಗೆ ಸೇರಬೇಕಾದ್ದೇ. ಕಥೆಯ ಬೆಲೆಯಲ್ಲಿ ಮಾತ್ರ ಸಂತ್ರಸ್ತರಿಗೂ ಹಕ್ಕಿತ್ತು.

ಮೊದಲ ಮಾರಾಟದಲ್ಲೇ ಅದನ್ನು ವಸೂಲು ಮಾಡಬಹುದಿತ್ತಾ? ಆಮೇಲಿನ ಎರಡು ಉದಾಹರಣೆ ನೋಡಿದರೆ ಮಾಡಬಹುದಿತ್ತು ಅನ್ನಿಸುತ್ತದೆ.

2013ರಲ್ಲಿ ಹಾರ್ಲೆ ಡೇವಿಡ್‌ಸನ್ ಕಂಪನಿ ತನ್ನ 110ನೇ ವರ್ಷಕ್ಕೆ ಪೋಪ್ ಫ್ರಾನ್ಸಿಸ್‌ಗೆ ಒಂದು ಬೈಕ್ ಕೊಟ್ಟಿತು. ಡೈನಾ ಸೂಪರ್ ಗ್ಲೈಡ್. ಅಪರೂಪದ್ದೇನಲ್ಲ, ಯಾವ ಶೋರೂಮಿಗೆ ಹೋದರೂ ಸಿಗುತ್ತಿದ್ದ ಮಾದರಿ. ಪೋಪ್ ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಸಹಿ ಹಾಕಿದರು. 2014ರ ಫೆಬ್ರುವರಿಯಲ್ಲಿ ಬೊನಾಮ್ಸ್ ಸಂಸ್ಥೆ ಪ್ಯಾರಿಸ್‌ನಲ್ಲಿ ಹರಾಜು ಹಾಕಿತು. ಅಂದಾಜು 12ರಿಂದ 15 ಸಾವಿರ ಯೂರೊ. ಬಂದದ್ದು 2,41,500 ಯೂರೊ! ದುಡ್ಡು ರೋಮ್‌ನ ಟರ್ಮಿನಿ ರೈಲು ನಿಲ್ದಾಣದ ಹತ್ತಿರದ ನಿರ್ಗತಿಕರ ವಸತಿ ಮತ್ತು ಊಟದ ಮನೆಗೆ ಹೋಯಿತು.

2017ರ ನವೆಂಬರ್ 15ಕ್ಕೆ ಲ್ಯಾಂಬೋರ್ಗಿನಿ ಸರದಿ. ವ್ಯಾಟಿಕನ್ ಬಾವುಟದ ಬಿಳಿ, ಹಳದಿ ಬಣ್ಣ ಬಳಿದ ಒಂದು ಹುರಾಕನ್ ಕಾರು ತಂದು ನಿಲ್ಲಿಸಿದರು. ಪೋಪ್ ಫ್ರಾನ್ಸಿಸ್ ಕ್ಯಾಮೆರಾಗಳ ಮುಂದೆ ಬಾನೆಟ್ಟಿನ ಮೇಲೆ ಸಹಿ ಹಾಕಿದರು. ಒಂದು ಕಿಲೋಮೀಟರೂ ಓಡಿಸಲಿಲ್ಲ. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ವ್ಯಾಟಿಕನ್ ಆಗಲೇ ಹೇಳಿಬಿಟ್ಟಿತು: ಐಸಿಸ್ ಹಾಳುಗೆಡವಿದ ಇರಾಕಿನ ನಿನೆವೆ ಬಯಲಿನ ಮನೆಗಳಿಗೆ, ಮಾನವ ಕಳ್ಳಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳಿಗೆ, ಆಫ್ರಿಕಾದಲ್ಲಿ ಕೆಲಸ ಮಾಡುವ ಇಟಲಿಯ ಎರಡು ಸಂಸ್ಥೆಗಳಿಗೆ. 2018ರ ಮೇ 12ರಂದು ಮೊನಾಕೊದಲ್ಲಿ ಹರಾಜು. ಅಂದಾಜು ಎರಡೂವರೆಯಿಂದ ಮೂರೂವರೆ ಲಕ್ಷ ಯೂರೊ, ಬಂದದ್ದು 7,15,000.

ಎರಡರಲ್ಲೂ ಕಥೆಯ ಬೆಲೆ ಮೊದಲ ಹರಾಜಿನಲ್ಲೇ ದಾನಕ್ಕೆ ಸೇರಿತು. ಕಣ್ಣಿಗೆ ಕಾಣುವ ಸಹಿ ಇತ್ತು. ಎಲ್ಲ ಪತ್ರಿಕೆಯಲ್ಲೂ ಬಂದ ಫೋಟೊ ಇತ್ತು. ಸಹಿ ಹಾಕಿದವರು ಹರಾಜಿನ ದಿನ ಜಗತ್ತಿನ ಕಣ್ಣ ಮುಂದೆಯೇ ಇದ್ದರು. ಎಂಜೊ ವಿಷಯದಲ್ಲಿ ಪೋಪ್ ಹಾಸಿಗೆ ಹಿಡಿದಿದ್ದರು, ಹರಾಜಿಗೆ ಮೊದಲೇ ಹೋಗಿಬಿಟ್ಟರು. ಯಾರನ್ನೂ ದೂರುವಂತಿಲ್ಲ. ಇಂಥ ದಾನ ಮಾಡಿಸುವವರು ಮಾತ್ರ ಇದನ್ನು ಗಮನಿಸಬೇಕು: ಕಾರು ಅಪರೂಪದ್ದು ಅನ್ನುವುದಕ್ಕಿಂತ ಅದರ ಮೇಲೆ ಯಾರ ಗುರುತಿದೆ ಅನ್ನುವುದು ಜಾಸ್ತಿ ದುಡ್ಡು ತರಬಹುದು. ಸಾಧಾರಣ ಹಾರ್ಲೆ ಅಂದಾಜಿನ ಹದಿನಾರು ಪಟ್ಟು ತಂದಿತು. ಹುರಾಕನ್ ಎರಡು ಪಟ್ಟು. ಅಗ್ಗದ ವಸ್ತುವಿನ ಮೇಲೆ ದೊಡ್ಡ ಹೆಸರಿದ್ದರೆ ಪಟ್ಟು ಹೆಚ್ಚು. ದುಬಾರಿ ವಸ್ತುವಿನ ಮೇಲಿದ್ದರೆ ಒಟ್ಟು ಮೊತ್ತ ಹೆಚ್ಚು.

ಇನ್ನೊಂದು ದಾರಿಯೂ ಇದೆ, ಮಾರುವಾಗಲೇ ಕರಾರು ಬರೆಸಿಕೊಳ್ಳುವುದು. ಇಷ್ಟು ವರ್ಷದೊಳಗೆ ಮರುಮಾರಾಟವಾದರೆ ಲಾಭದ ಇಷ್ಟು ಪಾಲು ಸಂಸ್ಥೆಗೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಅಂಥ ಕೊಕ್ಕೆ ಇದ್ದರೆ ಹರಾಜಿನಲ್ಲಿ ಕೂಗುವವರು ಅಷ್ಟನ್ನು ಅಲ್ಲೇ ಕಡಿಮೆ ಕೂಗುತ್ತಾರೆ. ಇವತ್ತಿನ ದುಡ್ಡು ಬಿಟ್ಟು ನಾಳೆಯದಕ್ಕೆ ಕಾದಂತೆಯೇ ಆಯಿತು. ನಾನಂತೂ ಆ ಗೋಜಿಗೆ ಹೋಗಬೇಡಿ ಅನ್ನುತ್ತೇನೆ.

ಮುಂಬೈಯ ಬಿಳಿ ಲಿಂಕನ್

ಪೋಪ್ ಕೊಟ್ಟ ಕಾರಿನ ಮಾತು ಬಂದಾಗ ನಮ್ಮ ನೆಲದ ಕಥೆಯೊಂದನ್ನು ಬಿಡುವಂತಿಲ್ಲ. 1964ರ ಡಿಸೆಂಬರ್‌ನಲ್ಲಿ ಪೋಪ್ ಆರನೇ ಪಾಲ್ ಕ್ರೈಸ್ತ ಸಮ್ಮೇಳನಕ್ಕೆಂದು ಮುಂಬೈಗೆ ಬಂದಿದ್ದರು. ಅವರ ಓಡಾಟಕ್ಕೆ ಅಮೆರಿಕದಿಂದ ಬಂದ ಬಿಳಿ ಲಿಂಕನ್ ಕಾಂಟಿನೆಂಟಲ್ ಇತ್ತು. ವಾಪಸ್ ಹೋಗುವಾಗ ಅದನ್ನು ಮದರ್ ತೆರೇಸಾ ಅವರಿಗೆ ಕೊಟ್ಟು ಹೋದರು.

ಮದರ್ ತೆರೇಸಾ ಆ ಕಾರನ್ನು ಇಟ್ಟುಕೊಳ್ಳಲಿಲ್ಲ. ಹಾಗಂತ ಮಾರಲೂ ಇಲ್ಲ. ಟಿಕೆಟ್ ಮಾರಿ ಲಾಟರಿ ಎತ್ತಿಸಿದರು. ಗೆದ್ದವರಿಗೆ ಕಾರು, ಟಿಕೆಟ್ಟಿನ ದುಡ್ಡು ಕುಷ್ಠರೋಗಿಗಳ ಊರಿಗೆ. ಪಶ್ಚಿಮ ಬಂಗಾಳದ ಆಸನ್‌ಸೋಲ್ ಹತ್ತಿರದ ಶಾಂತಿನಗರ ಕಟ್ಟಲು ಆ ದುಡ್ಡು ಹೋಯಿತು. ನೇರ ಮಾರಿದ್ದರೆ ಬರುತ್ತಿದ್ದಕ್ಕಿಂತ ಜಾಸ್ತಿಯೇ ಬಂತು ಅನ್ನುತ್ತಾರೆ.

ಯಾಕೆ ಅಂತ ಊಹಿಸುವುದು ಕಷ್ಟವಲ್ಲ. 1964ರ ಭಾರತದಲ್ಲಿ ಕಾರು ಅಂದರೆ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಅದಕ್ಕೂ ವರ್ಷಗಟ್ಟಲೆ ಕಾಯಬೇಕಿತ್ತು. ಪೆಟ್ರೋಲ್ ಕುಡಿಯುವ, ಇಲ್ಲಿ ಬಿಡಿಭಾಗವೂ ಸಿಗದ ಅಷ್ಟು ದೊಡ್ಡ ಅಮೆರಿಕನ್ ಕಾರನ್ನು ಕೊಳ್ಳುವ ತಾಕತ್ತು ಎಷ್ಟು ಜನಕ್ಕಿತ್ತು? ಹರಾಜು ಅಂದರೆ ಪೈಪೋಟಿ ಬೇಕು, ಕನಿಷ್ಠ ಇಬ್ಬರು ಹಟಮಾರಿ ಶ್ರೀಮಂತರು ಬೇಕು. ಟಿಕೆಟ್ಟಿಗೆ ಶ್ರೀಮಂತರು ಬೇಕಿಲ್ಲ, ಜನ ಸಾಕು. ಗೆಲ್ಲದವರಿಗೂ ದಾನ ಕೊಟ್ಟ ಸಮಾಧಾನ. ಮಾರುಕಟ್ಟೆ ಇಲ್ಲದ ಕಡೆ ಮಾರುಕಟ್ಟೆ ಹುಟ್ಟಿಸಿದ ಜಾಣ ಕೆಲಸ ಅದು. ಎಂಜೊ ಹರಾಜಿಗಿಂತ ನನಗೆ ಇದೇ ಹೆಚ್ಚು ಇಷ್ಟ.

ಇವತ್ತು ಕರ್ನಾಟಕದಲ್ಲಿ ಆ ದಾರಿ ಹಿಡಿಯಲು ಹೋಗಬೇಡಿ. ಇಲ್ಲಿ 2007ರಿಂದ ಲಾಟರಿ ನಿಷೇಧ. ಒಳ್ಳೆ ಉದ್ದೇಶ ಅಂತ ಟಿಕೆಟ್ ಮಾರಿದರೂ ಪೊಲೀಸರ ಮುಂದೆ ಉತ್ತರ ಹೇಳಬೇಕಾಗುತ್ತದೆ.

ಇಲ್ಲಿ ಯಾರಾದರೂ ಕೊಡುವುದಾದರೆ

ಬೆಂಗಳೂರಿನ ಯಾರೋ ಒಬ್ಬರು ತಮ್ಮ ಫೆರಾರಿಯನ್ನು ಆಸ್ಪತ್ರೆ ಟ್ರಸ್ಟ್‌ಗೆ ಕೊಡುತ್ತೇನೆ ಅಂದರು ಅಂತ ಇಟ್ಟುಕೊಳ್ಳಿ. ಎಂಜೊ ಪ್ರಕರಣ ಇಲ್ಲಿಗೆ ಎಷ್ಟು ಹೊಂದುತ್ತದೆ?

ಮೊದಲು ತೆರಿಗೆ. ಎಲ್ಲರ ಬಾಯಲ್ಲಿರುವ 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ, ದುಡ್ಡು ಕೊಟ್ಟರೆ ಮಾತ್ರ. ವಸ್ತು ಕೊಟ್ಟರೆ ಇಲ್ಲ, ಅದು ಕಂಬಳಿಯೇ ಆಗಲಿ, ಫೆರಾರಿಯೇ ಆಗಲಿ. ಆದ್ದರಿಂದ ದಾನಿಯೇ ಮಾರಿ, ಬಂದದ್ದನ್ನು ಬ್ಯಾಂಕಿನ ಮೂಲಕ ಟ್ರಸ್ಟ್‌ಗೆ ಹಾಕುವುದು ಲೇಸು. ಸ್ವಂತ ಬಳಕೆಯ ಕಾರು ಮಾರಿದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಬೀಳುವುದಿಲ್ಲ. ಆದರೆ ನಮ್ಮಲ್ಲಿ ಇಂಥ ಕಾರುಗಳು ಎಷ್ಟೋ ಸಲ ಕಂಪನಿ ಹೆಸರಿನಲ್ಲಿರುತ್ತವೆ. ಆಗ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಕೂರಲೇಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ನಿಯಮ ಬೇರೆ. ಅಲ್ಲಿ ಕಾರನ್ನೇ ಕೊಟ್ಟರೂ ರಿಯಾಯಿತಿ ಇದೆ. ಹಿಂದೆ ಜನ ಗುಜರಿ ಕಾರು ಕೊಟ್ಟು ದೊಡ್ಡ ಮೌಲ್ಯ ತೋರಿಸುತ್ತಿದ್ದರು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ 54 ಕಾರುಗಳ ಜಾಡು ಹಿಡಿದು ನೋಡಿತು. ಮೂರರಲ್ಲಿ ಎರಡು ಪಾಲು ಕಡೆ ದತ್ತಿ ಸಂಸ್ಥೆಗೆ ದಕ್ಕಿದ್ದು ದಾನಿ ತೋರಿಸಿದ ಮೌಲ್ಯದ ಶೇ 5 ಅಥವಾ ಇನ್ನೂ ಕಡಿಮೆ. ನಡುವಿನ ಏಜೆಂಟರು, ಜಾಹೀರಾತು, ಕಾರು ಎಳೆದೊಯ್ಯುವ ಖರ್ಚು ಉಳಿದದ್ದನ್ನು ನುಂಗಿತ್ತು. 2005ರಿಂದ ಕಾನೂನು ಬಿಗಿಯಾಯಿತು. ಸಂಸ್ಥೆ ಕಾರನ್ನು ಸುಮ್ನೆ ಮಾರಿದರೆ, ಬಂದ ಬೆಲೆಯೇ ದಾನಿಯ ರಿಯಾಯಿತಿಯ ಮಿತಿ. ಹಾಗಾಗಿ ಅಪರೂಪದ ಕಾರು ಕೊಡುವವರು ಅದನ್ನು ಯಾರು, ಎಲ್ಲಿ ಮಾರುತ್ತಾರೆ ಅಂತ ಮೊದಲೇ ಕೇಳಬೇಕು. ಮಾಮೂಲಿ ಹಳೆ ಕಾರುಗಳ ಹರಾಜಿಗೆ ತಳ್ಳಿದರೆ ದಾನಿಗೂ ನಷ್ಟ, ಸಂಸ್ಥೆಗೂ ನಷ್ಟ.

ಇನ್ನು ಹೊರದೇಶದಿಂದ ಬರುವ ಕಾರು. ಉಡುಗೊರೆ ಅಂದ ಮಾತ್ರಕ್ಕೆ ಸುಂಕ ಬಿಡುವುದಿಲ್ಲ. ಸಚಿನ್ ತೆಂಡೂಲ್ಕರ್ ಬ್ರಾಡ್ಮನ್‌ರ 29 ಟೆಸ್ಟ್ ಶತಕ ಸರಿಗಟ್ಟಿದ್ದಕ್ಕೆ 2002ರಲ್ಲಿ ಸಿಕ್ಕ ಫೆರಾರಿ 360 ಮೊಡೆನಾ ನೆನಪಿದೆ ಅಲ್ವಾ? ಕಾರಿನ ಬೆಲೆ ಸುಮಾರು 75 ಲಕ್ಷ, ಸುಂಕ 1.13 ಕೋಟಿ. ಸರ್ಕಾರ ಮಾಫಿ ಮಾಡಲು ಹೊರಟಿತು, ದೇಶವೆಲ್ಲ ಗಲಾಟೆಯಾಯಿತು, ಕೊನೆಗೆ ಫೆರಾರಿಯ ಆಗಿನ ಒಡೆಯ ಫಿಯಟ್ ಕಂಪನಿ ಕಟ್ಟಿತು. ಸಚಿನ್‌ಗೇ ಹೀಗಾದರೆ ಒಂದು ಟ್ರಸ್ಟ್‌ನ ಪಾಡೇನು?

ಇಲ್ಲಿಯೇ ಓಡುತ್ತಿರುವ ಕಾರಾದರೂ ಕಾಗದಪತ್ರ ನೋಡದೆ ಕೈ ಚಾಚಬಾರದು. ಬೇರೆ ರಾಜ್ಯದ ನೋಂದಣಿ ಇಟ್ಟುಕೊಂಡು ವರ್ಷ ಮೀರಿ ಇಲ್ಲಿ ಓಡಿಸಿದರೆ ಕರ್ನಾಟಕದ ತೆರಿಗೆ ಕಟ್ಟಬೇಕು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹೀಗೆ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದಲೇ 1.4 ಕೋಟಿ ರೂಪಾಯಿಗೂ ಹೆಚ್ಚು ವಸೂಲು ಮಾಡಿತು. ಅಂಥ ಕಾರು ದಾನವಾಗಿ ಬಂದಿದ್ದರೆ ಆ ಬಾಕಿಯೂ ಅದರ ಜೊತೆಗೇ ಬರುತ್ತಿತ್ತು. ಆರ್‌ಸಿ, ವಿಮೆ, ಸುಂಕ ಕಟ್ಟಿದ ರಸೀದಿ, ಬೇರೆ ರಾಜ್ಯದ್ದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಕಾರಿನ ಮೇಲೆ ಬ್ಯಾಂಕಿನ ಸಾಲ ಉಳಿದಿದೆಯಾ ಅನ್ನುವುದು, ಇಷ್ಟನ್ನು ನೋಡಿ ಆದ ಮೇಲೆಯೇ ಟ್ರಸ್ಟ್ ಒಪ್ಪಿಗೆ ಪತ್ರ ಕೊಡಬೇಕು. ಹಳೆ ಬಾಕಿ ಏನೇ ಬಂದರೂ ದಾನಿಯದೇ ಹೊಣೆ ಅಂತ ದಾನಪತ್ರದಲ್ಲಿ ಬರೆಸಿಕೊಳ್ಳಬೇಕು.